ವೀರಗಾಸೆ ವೇಷ, ಜಪಾನಿನ ಕತ್ತಿ: ಸೋಲುತ್ತಲೇ ಇದ್ದ ಒಬ್ಬ ಆಟಗಾರನ ಪ್ರಕರಣ

2021ರ ಜುಲೈ ಕೊನೆಯಲ್ಲಿ ಒಬ್ಬ ಹುಡುಗ ನನಗೆ ಒಂದು ವಿಡಿಯೊ ಕಳಿಸಿದ. ಸೋಲ್‌ಕ್ಯಾಲಿಬರ್ 6 ಎಂಬ ಹೊಡೆದಾಟದ ವಿಡಿಯೊ ಗೇಮಿನ ಆನ್‌ಲೈನ್ ಮ್ಯಾಚ್. ಜೊತೆಗೆ ಎರಡೇ ಸಾಲು: "ಅಕ್ಕಾ, ಇದು ಲ್ಯಾಗ್ ಅಲ್ವಾ? ಮನೇಲಿ ಹೊಸ ಕನೆಕ್ಷನ್ ಹಾಕಿಸ್ಬೇಕು ಅಂತ ಕೇಳ್ತಿದೀನಿ, ನೀವೊಂದು ಮಾತು ಹೇಳಿ." ಲ್ಯಾಗ್ ಅಂದರೆ ಇಂಟರ್ನೆಟ್ ನಿಧಾನವಾಗಿ ಆಟ ತಡವರಿಸುವುದು.

ಅಲ್ಲಿಂದ ನವೆಂಬರ್‌ವರೆಗೆ ನಾವಿಬ್ಬರೂ ಅವನು ಯಾಕೆ ಸೋಲುತ್ತಾನೆ ಅಂತ ಹುಡುಕುವ ಕೆಲಸದಲ್ಲಿದ್ದೆವು. ನಾನು ಈ ಸರಣಿಯನ್ನು ನಾಲ್ಕನೇ ಭಾಗದಿಂದ ಆಡುತ್ತಾ ಬಂದಿದ್ದೇನೆ. ಹೊಸಬರಿಗೆ ಬಿಡುವಿದ್ದಾಗ ಹೇಳಿಕೊಡುತ್ತೇನೆ. ಈ ಹುಡುಗನ ವಿಷಯದಲ್ಲಿ ನಾನು ಎರಡು ತಪ್ಪು ಮಾಡಿದೆ. ಹೇಳಿಕೊಡುವ ಬೇರೆಯವರು ಅದೇ ತಪ್ಪು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಅವನೂ ಅವನ ಮನೆಯವರೂ ಒಪ್ಪಿದ್ದಾರೆ. ಊರು, ಓದು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರು ಹೇಳುವುದಿಲ್ಲ, ತಮ್ಮ ಅಂತಲೇ ಕರೆಯುತ್ತೇನೆ.

ಹಿನ್ನೆಲೆ

ತಮ್ಮನಿಗೆ ಆಗ ಹತ್ತೊಂಬತ್ತು. ಮಧ್ಯ ಕರ್ನಾಟಕದ ಸಣ್ಣ ಊರು. ಮನೆಯ ಕೆಳಗೆ ಹಿಟ್ಟಿನ ಗಿರಣಿ, ಮೇಲೆ ವಾಸ. ಎರಡನೇ ಅಲೆಯ ಲಾಕ್‌ಡೌನ್ ಮುಗಿದಿತ್ತು, ಆದರೆ ಕಾಲೇಜು ಇನ್ನೂ ಫೋನಿನಲ್ಲೇ ನಡೆಯುತ್ತಿತ್ತು. ಬೆಂಗಳೂರಿನ ದೊಡ್ಡಪ್ಪನ ಮಗ ಹೊಸದು ಕೊಂಡಾಗ ತನ್ನ ಹಳೇ ಪಿಎಸ್4 (ಪ್ಲೇಸ್ಟೇಷನ್ 4 ಗೇಮ್ ಯಂತ್ರ) ಇವನಿಗೆ ಕೊಟ್ಟಿದ್ದ. ಅದರ ಜೊತೆ ಬಂದ ಮೂರು ಡಿಸ್ಕ್‌ಗಳಲ್ಲಿ ಒಂದು ಸೋಲ್‌ಕ್ಯಾಲಿಬರ್ 6.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇದು ಬಂದೈ ನಾಮ್ಕೊ ಕಂಪನಿಯದ್ದು, 2018ರ ಅಕ್ಟೋಬರ್‌ನಲ್ಲಿ ಬಂತು. ಸರಣಿಯ ಬೇರು 1995ರ ಸೋಲ್ ಎಡ್ಜ್ ಎಂಬ ಆರ್ಕೇಡ್ ಆಟದಲ್ಲಿದೆ. ಬೇರೆ ಹೊಡೆದಾಟದ ಆಟಗಳಲ್ಲಿ ಹೆಚ್ಚಾಗಿ ಕೈಕಾಲಿನದೇ ಕೆಲಸ, ಇಲ್ಲಿ ಎಲ್ಲರ ಕೈಯಲ್ಲೂ ಆಯುಧ. ಮಿತ್ಸುರುಗಿಗೆ ಜಪಾನಿನ ಕತ್ತಿ, ಕಿಲಿಕ್‌ಗೆ ಉದ್ದನೆ ಕೋಲು, ಆಸ್ಟರಾತ್‌ಗೆ ಭಾರೀ ಕೊಡಲಿ, ಐವಿಗೆ ಚಾವಟಿಯಂತೆ ಬಿಚ್ಚಿಕೊಳ್ಳುವ ಕತ್ತಿ. ಗುಂಡಿಗಳು ನಾಲ್ಕೇ: ಎ ಅಂದರೆ ಅಡ್ಡ ಬೀಸು, ಬಿ ಅಂದರೆ ಮೇಲಿಂದ ಕೆಳಕ್ಕೆ ಏಟು, ಕೆ ಅಂದರೆ ಒದೆ, ಜಿ ಅಂದರೆ ಗಾರ್ಡ್, ಬರುವ ಏಟನ್ನು ತಡೆಯುವುದು. ಮೇಲಿಂದ ಬರುವ ಏಟಿಗೆ ಪಕ್ಕಕ್ಕೆ ಸರಿದರೆ ತಪ್ಪಿಸಿಕೊಳ್ಳಬಹುದು. ಪಕ್ಕಕ್ಕೆ ಸರಿಯುವವನನ್ನು ಅಡ್ಡ ಬೀಸು ಹಿಡಿಯುತ್ತದೆ. ಎತ್ತರದಲ್ಲಿ ಬರುವ ಅಡ್ಡ ಬೀಸು ಕೂತವನ ತಲೆ ಮೇಲೆ ಹಾದುಹೋಗುತ್ತದೆ. ಅಂಕಣದ ಅಂಚಿನಿಂದ ಆಚೆ ಬಿದ್ದರೆ ಎಷ್ಟೇ ಜೀವ ಉಳಿದಿದ್ದರೂ ಆ ರೌಂಡ್ ಹೋಯಿತು. ಹೀಗೆ ಮೂರು ರೌಂಡ್ ಮೊದಲು ಗೆದ್ದವನದು ಮ್ಯಾಚ್.

ಇನ್ನೊಂದು ದೊಡ್ಡ ಆಕರ್ಷಣೆ ನಮ್ಮದೇ ಪಾತ್ರ ಕಟ್ಟುವುದು. 2005ರ ಮೂರನೇ ಭಾಗದಿಂದ ಇದು ಸರಣಿಯಲ್ಲಿದೆ. 2008ರ ನಾಲ್ಕನೇ ಭಾಗದಲ್ಲಿ ತೊಟ್ಟ ಬಟ್ಟೆ, ಆಯುಧಕ್ಕೆ ತಕ್ಕಂತೆ ಶಕ್ತಿಯೂ ಬದಲಾಗುತ್ತಿತ್ತು, ಅದಕ್ಕೇ ಆನ್‌ಲೈನ್‌ನಲ್ಲಿ ಎರಡು ಬಗೆಯ ಮ್ಯಾಚ್ ಇಟ್ಟಿದ್ದರು. ಆರನೇ ಭಾಗದ ಆನ್‌ಲೈನ್ ಮ್ಯಾಚ್‌ನಲ್ಲಿ ಬಟ್ಟೆಯಿಂದ ಬಲ ಬರುವುದಿಲ್ಲ. ಇರುವ ಪಾತ್ರಗಳಲ್ಲಿ ಒಬ್ಬರ ಹೊಡೆದಾಟದ ಶೈಲಿ ಆರಿಸಿ, ಮೈಮೇಲೆ ಬೇಕಾದ್ದು ತೊಡಿಸಬೇಕು. ಕೆಲವು ತುಣುಕುಗಳನ್ನು ಹಿಗ್ಗಿಸಿ, ಕುಗ್ಗಿಸಿ, ತಿರುಗಿಸಿ ಎಲ್ಲಿ ಬೇಕೋ ಅಲ್ಲಿ ಅಂಟಿಸಬಹುದು.

ತಮ್ಮ ಕಟ್ಟಿದ್ದು ವೀರಗಾಸೆಯವನನ್ನು.

ಅವನ ಸೋದರಮಾವ ವೀರಗಾಸೆ ಕಲಾವಿದರು. ಶ್ರಾವಣ, ಕಾರ್ತಿಕದಲ್ಲಿ ಮನೆಯಲ್ಲಿ ಇರುತ್ತಿದ್ದವರೇ ಅಲ್ಲ. ಎರಡು ವರ್ಷದಿಂದ ಜಾತ್ರೆಯಿಲ್ಲ, ಮೆರವಣಿಗೆಯಿಲ್ಲ. ವೇಷದ ಪೆಟ್ಟಿಗೆ ಅಟ್ಟದ ಮೇಲೆ ಸೇರಿತ್ತು. ಇವನು ಆ ಪೆಟ್ಟಿಗೆ ಇಳಿಸಿ, ಒಂದೊಂದೇ ಹೊರಗಿಟ್ಟು ನೋಡಿಕೊಂಡು ಟಿವಿಯಲ್ಲಿ ಪಾತ್ರ ಕಟ್ಟಿದ್ದ. ಕಾವಿ ಬಟ್ಟೆ, ಹಣೆಗೆ ವಿಭೂತಿ ಪಟ್ಟೆ, ತಲೆಯ ಮೇಲೆ ಬೆಳ್ಳಗೆ ಎತ್ತರದ ಚಾಮರ, ಎದೆಗೆ ಹಲಗೆ, ಭುಜಕ್ಕೆ ನಾಗಾಭರಣದಂತೆ ಕಾಣುವ ಎರಡು ತುಣುಕು. ಶೈಲಿ ಮಿತ್ಸುರುಗಿಯದು, ಯಾಕೆಂದರೆ ಬಲಗೈಯಲ್ಲಿ ಕತ್ತಿ ಬೇಕು. ನಾಲ್ಕು ದಿನ ಹಿಡಿಯಿತಂತೆ. ಮಾವನಿಗೆ ತೋರಿಸಿದಾಗ ಅವರು ಟಿವಿ ಹತ್ತಿರ ಹೋಗಿ ನೋಡಿ, "ಕಾವಿ ಸರಿ ಐತಿ. ರುದ್ರಾಕ್ಷಿ ಎಲ್ಲೋ?" ಅಂದರು. ಇವನು ಇನ್ನೊಂದು ಇಡೀ ದಿನ ಕೂತು ಸಿಕ್ಕ ಗುಂಡು ತುಣುಕುಗಳಲ್ಲಿ ಸರ ಮಾಡಿದ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಇದರ ತೂಕ ನನಗೆ ಮೊದಲು ಗೊತ್ತಾಗಲಿಲ್ಲ. ನನ್ನ ಮೊದಲ ತಪ್ಪು ಅಲ್ಲಿಂದಲೇ ಹುಟ್ಟಿತು.

ಸಮಸ್ಯೆ

ಜುಲೈ ತಿಂಗಳಲ್ಲಿ ಅವನು ರ್ಯಾಂಕ್ ಮ್ಯಾಚ್, ಅಂದರೆ ಸೋಲು ಗೆಲುವಿಗೆ ತಕ್ಕಂತೆ ಆಟಗಾರನ ದರ್ಜೆ ಏರಿಳಿಯುವ ಮ್ಯಾಚ್, ಆಡಿದ್ದು 41. ಗೆದ್ದಿದ್ದು 6. ಒಂದು ಕಂಟ್ರೋಲರ್ ಗೋಡೆಗೆ ಹೊಡೆದು ಮುರಿದಿತ್ತು. ರಾತ್ರಿ ಹನ್ನೊಂದರ ಮೇಲೂ ಆಡುತ್ತಾನೆ, ಸೋತಾಗ ಕಿರುಚುತ್ತಾನೆ ಅಂತ ಅವನ ಅಮ್ಮ ಬೇಸತ್ತಿದ್ದರು. ಇವನ ಪ್ರಕಾರ ಎಲ್ಲದಕ್ಕೂ ಇಂಟರ್ನೆಟ್ಟೇ ಕಾರಣ. ಹೊಸ ಕನೆಕ್ಷನ್ ಹಾಕಿಸಿಕೊಡಿ ಅಂತ ಅಪ್ಪನ ಹಿಂದೆ ಬಿದ್ದಿದ್ದ. ಗಿರಣಿಗೆ ಗಿರಾಕಿ ಕಡಿಮೆಯಾಗಿದ್ದ ಕಾಲ ಅದು.

ಅವನು ಕಳಿಸಿದ ವಿಡಿಯೊವನ್ನು ನಾನು ಮೂರು ಸಲ ನೋಡಿದೆ. ಲ್ಯಾಗ್ ಇತ್ತು, ಸುಳ್ಳಲ್ಲ. ಚಿತ್ರ ಎರಡು ಕಡೆ ಗಕ್ಕನೆ ನಿಂತು ಮುಂದೆ ಹಾರಿತು. ಆದರೆ ಆ ರೌಂಡ್ ಅವನು ಸೋತಿದ್ದು ಆ ಎರಡು ಕಡೆ ಅಲ್ಲ. ಅವನ ದೊಡ್ಡ ಏಟನ್ನು ಎದುರಾಳಿ ಗಾರ್ಡ್ ಮಾಡಿದ. ಇವನು ತಕ್ಷಣ ಇನ್ನೊಂದು ದೊಡ್ಡ ಏಟು ಎತ್ತಿದ. ಎತ್ತಿದ ಕೈ ಇಳಿಯುವ ಮೊದಲೇ ಎದುರಾಳಿಯ ಸಣ್ಣ ಏಟು ಬಿತ್ತು. ಇದೇ ನಾಲ್ಕು ಸಲ ನಡೆಯಿತು.

ನಾನು ಆಗಲೇ ಅದನ್ನು ಹೇಳಬೇಕಿತ್ತು. ಬದಲಿಗೆ ಬೇರೆ ಏನೋ ಹೇಳಿದೆ.

ಮೊದಲ ಪ್ರಯತ್ನ, ನನ್ನ ಮೊದಲ ತಪ್ಪು

"ಈ ವೇಷ ಬಿಡು, ಮಿತ್ಸುರುಗಿಯನ್ನೇ ತಗೋ" ಅಂದೆ. ನನ್ನ ಲೆಕ್ಕ ಹೀಗಿತ್ತು: ನಾನು ಆಡಿದ ಟೂರ್ನಿಗಳಲ್ಲಿ ಕಟ್ಟಿದ ಪಾತ್ರಗಳನ್ನು ಬಿಡುತ್ತಿರಲಿಲ್ಲ, ಕಲಿಯುವವನು ಮೂಲ ಪಾತ್ರದಲ್ಲೇ ಕಲಿಯಲಿ. ಜೊತೆಗೆ ಮಿತ್ಸುರುಗಿಯ ಎಲ್ಲ ಏಟುಗಳ ಫ್ರೇಮ್ ಪಟ್ಟಿಯನ್ನೂ ಕಳಿಸಿದೆ. ಫ್ರೇಮ್ ಅಂದರೆ ಪರದೆಯ ಮೇಲೆ ಮೂಡುವ ಒಂದು ಚಿತ್ರ, ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ಯಾವ ಏಟು ಎಷ್ಟು ಫ್ರೇಮಿನಲ್ಲಿ ಹೊರಡುತ್ತದೆ, ಗಾರ್ಡ್ ಆದರೆ ಎಷ್ಟು ಫ್ರೇಮ್ ಹಿಂದೆ ಬೀಳುತ್ತೇವೆ ಅನ್ನುವುದೆಲ್ಲ ಅದರಲ್ಲಿತ್ತು. ನೂರಾರು ಸಾಲಿನ ಪಟ್ಟಿ. ನನಗದು ಬಂಗಾರ. ಅವನಿಗೆ ಪರೀಕ್ಷೆ ಹಿಂದಿನ ದಿನ ಕೈಗೆ ಕೊಟ್ಟ ಪುಸ್ತಕ.

ಅವನು "ಸರಿ ಅಕ್ಕಾ" ಅಂದ. ಆಮೇಲೆ ಎರಡು ವಾರ ಸುದ್ದಿಯಿಲ್ಲ.

ಓದಿನಲ್ಲಿರಬಹುದು ಅಂದುಕೊಂಡೆ. ಶ್ರಾವಣ ಶುರುವಾದ ಮೇಲೆ ನಾನೇ ಫೋನ್ ಮಾಡಿದೆ. ಅವನು ಆಟವನ್ನೇ ಬಿಟ್ಟಿದ್ದ. ಕಾರಣ ಹೇಳಲು ತುಂಬಾ ಹಿಂಜರಿದ. ಕೊನೆಗೆ ಹೇಳಿದ: "ಮಿತ್ಸುರುಗಿ ಹಾಕ್ಕೊಂಡು ಸುಮ್ನೆ ಹೊಡೆದಾಡೋಕೆ ನಂಗೆ ಏನೂ ಅನ್ಸಲ್ಲ ಅಕ್ಕಾ. ಮಾವ ದಿನಾ ಸಂಜೆ ಬಂದು ಕೂತ್ಕೊಂಡು ನೋಡ್ತಿದ್ರು. ನಮ್ಮ ವೇಷ ಇಲ್ಲ ಅಂದ್ಮೇಲೆ ಅವರೂ ಬರಲಿಲ್ಲ."

ಈ ಪ್ರಕರಣದ ಮೊದಲ ತಿರುವು ಇದು. ಅವನು ಯಾಕೆ ಆಡುತ್ತಿದ್ದಾನೆ ಅಂತ ನಾನು ಕೇಳಿಯೇ ಇರಲಿಲ್ಲ. ಆಡುವವರೆಲ್ಲ ಗೆಲ್ಲಲು ಆಡುತ್ತಾರೆ ಅಂತ ತಿಳಿದಿದ್ದೆ. ಅವನಿಗೂ ಗೆಲ್ಲಬೇಕಿತ್ತು, ಆದರೆ ಆ ವೇಷದಲ್ಲಿ ಗೆಲ್ಲಬೇಕಿತ್ತು, ಮಾವನ ಎದುರಿಗೆ. ಅದನ್ನು ಕಿತ್ತುಹಾಕಿ ಕಲಿಸಲು ಹೊರಟಿದ್ದೆ ನಾನು. ಕ್ಷಮಿಸು ಅಂದೆ. ವೇಷ ಇರಲಿ, ನಾಳೆಯಿಂದ ಮತ್ತೆ ಶುರು ಮಾಡೋಣ ಅಂದೆ.

ತಂತಿಯ ಕೆಲಸ

ಕನೆಕ್ಷನ್ ವಿಷಯ ಮೊದಲು ಮುಗಿಸೋಣ ಅಂತ ಇಬ್ಬರೂ ಒಪ್ಪಿದೆವು. ಅದು ಬಾಕಿ ಇರುವವರೆಗೆ ಪ್ರತಿ ಸೋಲಿಗೂ ಅವನ ಹತ್ತಿರ ಒಂದು ಉತ್ತರ ಸಿದ್ಧವಾಗಿರುತ್ತದೆ.

ಸೋಲ್‌ಕ್ಯಾಲಿಬರ್ 6ರಲ್ಲಿ ಆನ್‌ಲೈನ್ ಮ್ಯಾಚ್ ಇಬ್ಬರ ಯಂತ್ರಗಳ ನಡುವೆ ನೇರವಾಗಿ ನಡೆಯುತ್ತದೆ. ನಾನು ಒತ್ತಿದ ಗುಂಡಿಯ ಸುದ್ದಿ ಎದುರಾಳಿಗೆ ಮುಟ್ಟಬೇಕು, ಅವನದು ನನಗೆ ಮುಟ್ಟಬೇಕು. ಅಲ್ಲಿಯವರೆಗೆ ಆಟ ಇಬ್ಬರಿಗೂ ಒಂದಿಷ್ಟು ಫ್ರೇಮ್ ತಡಮಾಡುತ್ತದೆ. ಸುದ್ದಿ ಸಮನಾಗಿ ಬರುತ್ತಿದ್ದರೆ ಕೈ ಆ ತಡಕ್ಕೆ ಹೊಂದಿಕೊಳ್ಳುತ್ತದೆ. ಒಮ್ಮೆ ಬೇಗ, ಒಮ್ಮೆ ನಿಧಾನ ಬಂದರೆ ಚಿತ್ರ ನಿಂತು ನಿಂತು ಹಾರುತ್ತದೆ. ರೋಲ್‌ಬ್ಯಾಕ್ ಎಂಬ ಬೇರೆ ವಿಧಾನ ಇರುವ ಆಟಗಳಲ್ಲಿ ಯಂತ್ರ ಎದುರಾಳಿಯ ಗುಂಡಿಯನ್ನು ಊಹಿಸಿ ಮುಂದೆ ಹೋಗುತ್ತದೆ, ಊಹೆ ತಪ್ಪಿದರೆ ಹಿಂದೆ ಬಂದು ತಿದ್ದುತ್ತದೆ. ಇದರಲ್ಲಿ ಅದಿಲ್ಲ.

ಎದುರಾಳಿ ಸಿಂಗಪುರದಲ್ಲಿದ್ದಾನೆ ಅಂದುಕೊಳ್ಳಿ. ಬೆಂಗಳೂರಿನಿಂದ ಅಲ್ಲಿಗೆ ನೇರ ಗೆರೆ ಎಳೆದರೂ ಸುಮಾರು 3,200 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಹೋಗಿಬರಲು 32 ಮಿಲಿಸೆಕೆಂಡ್, ಅಂದರೆ ಸುಮಾರು ಎರಡು ಫ್ರೇಮ್. ನಿಜವಾದ ದಾರಿ ಸುತ್ತುಬಳಸಿನದು, ಜಾಸ್ತಿಯೇ ಆಗುತ್ತದೆ. ಎಷ್ಟು ದುಡ್ಡು ಸುರಿದರೂ ಈ ದೂರ ಕಡಿಮೆಯಾಗುವುದಿಲ್ಲ. ಇದನ್ನು ಅವನ ಅಪ್ಪನಿಗೂ ಫೋನಿನಲ್ಲಿ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಹಂಗಾದ್ರೆ ಮನೆ ಒಳಗಿನದ್ದು ಏನಾದ್ರೂ ಸರಿ ಮಾಡ್ಬಹುದಾ ತಾಯಿ?"

ಮಾಡಬಹುದಿತ್ತು. ರೂಟರ್ ಕೆಳಗೆ ಗಿರಣಿಯ ಗಲ್ಲಾಪೆಟ್ಟಿಗೆ ಪಕ್ಕ ಇತ್ತು. ಪಿಎಸ್4 ಮೇಲೆ ಹಾಲ್‌ನಲ್ಲಿ. ನಡುವೆ ಎರಡು ಗೋಡೆ, ಒಂದು ಆರ್‌ಸಿಸಿ ಚಾವಣಿ. ಅವನ ಬಳಿ ಇದ್ದದ್ದು ಪಿಎಸ್4ರ ಮೊದಲ ಮಾದರಿ. ಅದಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ. ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್ ಎಲ್ಲ ಅದೇ ದಾರಿಯಲ್ಲಿ ನುಗ್ಗುತ್ತಿರುತ್ತವೆ. ಪೇಟೆಯಿಂದ 20 ಮೀಟರ್ ಲ್ಯಾನ್ ಕೇಬಲ್ ತಂದರು. ತಮ್ಮನೂ ಅಪ್ಪನೂ ಒಂದು ಭಾನುವಾರ ಕೂತು, ಮೆಟ್ಟಿಲ ಪಕ್ಕ ಕ್ಲಿಪ್ ಹೊಡೆದು, ಕಿಟಕಿ ಸಂದಿಯಿಂದ ಒಳಗೆ ಎಳೆದರು. ಚಿತ್ರ ನಿಂತು ಹಾರುವುದು ಬಹುಪಾಲು ನಿಂತಿತು.

ಸೋಲು ನಿಲ್ಲಲಿಲ್ಲ. ಮುಂದಿನ 10 ಮ್ಯಾಚ್‌ನಲ್ಲಿ 2 ಗೆದ್ದ. ಆ ರಾತ್ರಿ ಅವನು ಮಾತಾಡಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಮರುದಿನ ಅವನೇ ಕೇಳಿದ: "ಹಾಗಾದ್ರೆ ತಪ್ಪು ನಂದೇನಾ?"

ನೋಟ್‌ಬುಕ್

ಆಟದಲ್ಲಿ ರೀಪ್ಲೇ ಉಳಿಸಿಡಬಹುದು. ಸೋತ 18 ಮ್ಯಾಚ್‌ಗಳನ್ನು ಒಟ್ಟಿಗೆ ನೋಡೋಣ ಅಂದೆ. ಪ್ರತಿ ಮ್ಯಾಚ್‌ಗೆ ಮೂರು ಸೋತ ರೌಂಡ್, ಒಟ್ಟು 54. ಒಂದೊಂದರಲ್ಲೂ ರೌಂಡನ್ನು ಮುಗಿಸಿದ ಏಟು ಯಾವುದು, ಅದಕ್ಕೆ ಸ್ವಲ್ಪ ಮುಂಚೆ ತಮ್ಮ ಏನು ಮಾಡಿದ ಅಂತ ಬರೆಯಬೇಕು. ಬರೆಯುವ ಕೆಲಸ ಅವನದೇ. ನಾನು ಸುಮ್ನೆ ನೋಡುತ್ತೇನೆ, ಕೇಳಿದರೆ ಮಾತ್ರ ಮಾತಾಡುತ್ತೇನೆ. ಈ ಸಲ ಬಾಯಿ ಕಟ್ಟಿಕೊಂಡಿರಬೇಕು ಅಂತ ಗಟ್ಟಿ ಮಾಡಿಕೊಂಡಿದ್ದೆ.

ಗಿರಣಿಯ ಹಳೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅವನು ಗೆರೆ ಎಳೆದ. ಫೋನಿನ ಕ್ಯಾಮೆರಾ ಆ ಪುಸ್ತಕದ ಮೇಲೇ ಇತ್ತು. ಮೂರು ಸಂಜೆ ಹಿಡಿಯಿತು. ಎಣಿಸಿದಾಗ ಬಂದದ್ದು ಇದು. 23 ರೌಂಡ್‌ಗಳಲ್ಲಿ ಅವನ ಏಟು ಗಾರ್ಡ್ ಆಗಿತ್ತು, ಆದರೂ ಅವನು ಮತ್ತೆ ಗುಂಡಿ ಒತ್ತಿದ್ದ, ಅಲ್ಲಿ ಏಟು ತಿಂದಿದ್ದ. 9 ಸಲ ಅಂಕಣದಿಂದ ಆಚೆ ಬಿದ್ದಿದ್ದ. 8 ಸಲ ರಿವರ್ಸಲ್ ಎಡ್ಜ್‌ನಲ್ಲಿ ಸೋತಿದ್ದ. ಲ್ಯಾಗ್ ಅಂತ ಇಬ್ಬರೂ ಒಪ್ಪಿದ್ದು 5. ಉಳಿದ 9 ಬೇರೆಬೇರೆ.

ಐದು ಅಂತ ಬರೆದ ಮೇಲೆ ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.

ರಿವರ್ಸಲ್ ಎಡ್ಜ್ ಬಗ್ಗೆ ಒಂದು ಮಾತು. ಈ ಆರನೇ ಭಾಗದಲ್ಲಿ ಹೊಸದಾಗಿ ಬಂದದ್ದು ಅದು. ಬರುವ ಏಟನ್ನು ತಡೆದು ತಿರುಗಿ ಹೊಡೆಯುವ ಪಟ್ಟು. ಅದು ತಾಗಿದರೆ ಆಟ ನಿಧಾನವಾಗಿ ಇಬ್ಬರೂ ಎದುರಾಬದುರಾಗುತ್ತಾರೆ, ಆಗ ಒಂದು ಗುಂಡಿ ಆರಿಸಬೇಕು. ಅಡ್ಡ ಬೀಸು ಒದೆಯನ್ನು ಸೋಲಿಸುತ್ತದೆ, ಒದೆ ಮೇಲಿಂದ ಬರುವ ಏಟನ್ನು, ಮೇಲಿಂದ ಬರುವ ಏಟು ಅಡ್ಡ ಬೀಸನ್ನು. ತಮ್ಮ ಎಂಟಕ್ಕೆ ಏಳು ಸಲ ಬಿ ಒತ್ತಿದ್ದ. ಎದುರಾಳಿಗಳಿಗೆ ಎರಡನೇ ರೌಂಡ್ ಹೊತ್ತಿಗೆ ಅದು ತಿಳಿದುಹೋಗುತ್ತಿತ್ತು, ಒದೆಯುತ್ತಿದ್ದರು. ಯಾಕೆ ಬಿ ಅಂತ ನಾನು ಕೇಳಿದೆ. ಅವನು ಯೋಚಿಸಿ ಹೇಳಿದ: "ಕತ್ತಿ ಮೇಲೆತ್ತಿ ಹೊಡೆದ್ರೆ ಮಾವ ಒಡಪು ಹೇಳಿ ಕತ್ತಿ ಎತ್ತಿದಂಗೆ ಕಾಣುತ್ತೆ." ಒಡಪು ಅಂದರೆ ವೀರಗಾಸೆ ಕುಣಿತದ ನಡುವೆ ಏರುದನಿಯಲ್ಲಿ ಹೇಳುವ ಸಾಲುಗಳು.

ಆ 23ರ ಗುಟ್ಟೂ ಅಲ್ಲೇ ಇತ್ತು. ಅವನು ಆರಿಸುತ್ತಿದ್ದ ಏಟುಗಳೆಲ್ಲ ನೋಡಲು ಚೆಂದ ಇದ್ದವು. ದೊಡ್ಡದಾಗಿ ಎತ್ತುವ, ಸುತ್ತುವ, ನಿಧಾನದ ಏಟುಗಳು. ವೇಷಕ್ಕೆ ಒಪ್ಪುತ್ತಿದ್ದವು. ಸಣ್ಣದಾಗಿ ಕತ್ತಿ ಆಡಿಸುವ 12 ಫ್ರೇಮಿನ ಎರಡೇಟು ಮಿತ್ಸುರುಗಿಯ ಕೈಯಲ್ಲಿದೆ. 12 ಫ್ರೇಮ್ ಅಂದರೆ ಸೆಕೆಂಡಿನ ಐದನೇ ಒಂದು ಭಾಗ, ಕಣ್ಣಿಗೆ ಕಂಡು ಕೈ ಅಲುಗುವಷ್ಟರಲ್ಲಿ ಬಂದು ಬಿದ್ದಿರುತ್ತದೆ. 18 ಮ್ಯಾಚ್‌ಗಳಲ್ಲಿ ತಮ್ಮ ಅದನ್ನು ಬಳಸಿದ್ದು ಬೆರಳಲ್ಲಿ ಎಣಿಸುವಷ್ಟು.

ನಾನು ವೇಷವನ್ನು ಬಿಡು ಅಂದಾಗ ಪೂರ್ತಿ ತಪ್ಪಾಗಿಯೂ ಇರಲಿಲ್ಲ ಅಂತ ಇಲ್ಲಿ ತಿಳಿಯಿತು. ವೇಷಕ್ಕೂ ಸೋಲಿಗೂ ನಂಟಿತ್ತು. ಆದರೆ ನಾನು ಅಂದುಕೊಂಡ ನಂಟಲ್ಲ. ಮತ್ತೆ, ಅದು ನಾನು ಹೇಳಬೇಕಾದ ಮಾತೂ ಆಗಿರಲಿಲ್ಲ. ಅವನು ತನ್ನ ಕೈಯಲ್ಲಿ ಬರೆದು ನೋಡಿದ ಮೇಲೆ ಯಾರೂ ಒಪ್ಪಿಸಬೇಕಾಗಲಿಲ್ಲ.

ಒಂದೇ ನಿಯಮ

ಈ ಸಲ ಪಟ್ಟಿ ಕೊಡಲಿಲ್ಲ. ಒಂದೇ ನಿಯಮ ಕೊಟ್ಟೆ, ಒಂದು ವಾರಕ್ಕೆ: ನಿನ್ನ ಏಟು ಗಾರ್ಡ್ ಆಯಿತಾ, ಬೇರೆ ಗುಂಡಿಗೆ ಬೆರಳು ಹೋಗಬಾರದು, ಜಿ ಹಿಡಿ.

"ಸುಮ್ನೆ ನಿಂತ್ಕೊಳ್ಳೋದಾ ಅಕ್ಕಾ?"

"ಸುಮ್ನೆ ನಿಂತ್ಕೋ. ಸೋತ್ರೂ ಪರ್ವಾಗಿಲ್ಲ."

ಸೋತ. ಮೊದಲಿಗಿಂತ ಜಾಸ್ತಿ ಸೋತ. ಆ ವಾರ 12ರಲ್ಲಿ ಒಂದು ಗೆದ್ದ. ನಿಂತು ಗಾರ್ಡ್ ಮಾಡುವವನನ್ನು ಮುರಿಯಲು ಈ ಆಟದಲ್ಲಿ ದಾರಿಗಳಿವೆ. ನಿಂತ ಗಾರ್ಡ್ ಕಾಲಿಗೆ ಬರುವ ಏಟನ್ನು ತಡೆಯುವುದಿಲ್ಲ. ಹತ್ತಿರ ಬಂದು ಹಿಡಿದು ಎಸೆದರೆ ಗಾರ್ಡ್ ಲೆಕ್ಕಕ್ಕೇ ಇಲ್ಲ. ಎದುರಾಳಿಗಳು ಇವನು ಕದಲುವುದಿಲ್ಲ ಅಂತ ಕಂಡುಕೊಂಡು ಹಿಡಿದು ಹಿಡಿದು ಎಸೆದರು. ಅಂಚಿನ ಹತ್ತಿರ ಇದ್ದಾಗ ಎಸೆದದ್ದು ನೇರವಾಗಿ ಅಂಕಣದ ಆಚೆಗೆ.

ಇದು ನನ್ನ ಎರಡನೇ ತಪ್ಪು. ಸೋಲು ಹೆಚ್ಚುತ್ತದೆ ಅಂತ ನನಗೆ ಗೊತ್ತಿತ್ತು. ಗಾರ್ಡ್ ಕಲಿಯುವವರೆಲ್ಲ ಆ ವಾರ ದಾಟಿಯೇ ಬರುತ್ತಾರೆ. ಅವನಿಗೆ ಮೊದಲೇ ಹೇಳಿರಲಿಲ್ಲ. ಬುಧವಾರ ರಾತ್ರಿ ಅವನ ಅಮ್ಮನ ಫೋನ್ ಬಂತು. "ಊಟಾನೇ ಮಾಡ್ತಿಲ್ಲ, ನೀವೇನ್ ಹೇಳ್ಕೊಡ್ತಿದೀರಮ್ಮ?" ಅಂದರು. ಅವರ ಸಿಟ್ಟು ನ್ಯಾಯವಾಗಿತ್ತು. ಅವರಿಗೆ ಎಲ್ಲ ವಿವರಿಸಿ, ಹತ್ತು ಗಂಟೆ ಮೇಲೆ ಆಡುವುದಿಲ್ಲ, ದಿನಕ್ಕೆ ಐದೇ ಮ್ಯಾಚ್ ಅಂತ ಮೂವರೂ ಮಾತಾಡಿಕೊಂಡೆವು. ಈ ಐದರ ಮಿತಿ ಅಮ್ಮನದು. ನಾನು ಯೋಚಿಸಿಯೇ ಇರಲಿಲ್ಲ. ಕೊನೆಗೆ ನೋಡಿದರೆ ತುಂಬಾ ಉಪಕಾರ ಮಾಡಿದ್ದು ಅದೇ. ಸಿಟ್ಟಿನಲ್ಲಿ ಒಂದರ ಮೇಲೊಂದು ಆಡಿ ಕಳೆದುಕೊಳ್ಳುತ್ತಿದ್ದದ್ದು ನಿಂತುಹೋಯಿತು.

ಎರಡನೇ ವಾರ ಟ್ರೈನಿಂಗ್ ಮೋಡ್‌ನಲ್ಲಿ ಎದುರಾಳಿಯ ಚಲನೆ ರೆಕಾರ್ಡ್ ಮಾಡಿ ಅಭ್ಯಾಸ ಮಾಡಿದ. ಹತ್ತಿರ ಬಂದು ಒಮ್ಮೆ ಹಿಡಿಯುವುದು, ಒಮ್ಮೆ ಹೊಟ್ಟೆಮಟ್ಟದ ಏಟು. ಎದುರಾಳಿ ಹಿಡಿಯಲು ಬಂದರೆ ಕೂರಬೇಕು, ಇಲ್ಲ ಸರಿಯಾದ ಹೊತ್ತಿಗೆ ಗುಂಡಿ ಒತ್ತಿ ಬಿಡಿಸಿಕೊಳ್ಳಬೇಕು. ಹೊಟ್ಟೆಮಟ್ಟದ ಏಟಿಗೆ ನಿಂತೇ ಇರಬೇಕು, ಕೂತರೆ ತಿನ್ನುತ್ತೀಯ. ದಿನಕ್ಕೆ ಇಪ್ಪತ್ತು ನಿಮಿಷ. ಮ್ಯಾಚ್‌ಗಿಂತ ಇದನ್ನೇ ಇಷ್ಟಪಟ್ಟು ಮಾಡಿದ. ನನಗೆ ಆಶ್ಚರ್ಯ ಆಯಿತು. ಮಾವ ಪಕ್ಕದಲ್ಲಿ ಕೂತು ತೊಡೆ ಮೇಲೆ ಸಂಬಾಳ ವಾದ್ಯದ ತಾಳ ಹಾಕುತ್ತಿದ್ದರಂತೆ, ಆ ತಾಳಕ್ಕೆ ಇವನು ಕೂತು ಏಳುತ್ತಿದ್ದ. ಎದುರಾಳಿ ತಾಳಕ್ಕೆ ಹೊಡೆಯುವುದಿಲ್ಲವಲ್ಲ, ಇದರಿಂದ ಏನಾದೀತು ಅಂತ ನನಗೆ ಅನುಮಾನವಿತ್ತು. ಬೆರಳಿನ ಅವಸರ ಕಡಿಮೆಯಾಯಿತು ಅನ್ನುವುದಂತೂ ರೀಪ್ಲೇಯಲ್ಲಿ ಎದ್ದು ಕಂಡಿತು.

ಚಾಮರ ಇಳಿಸಿದ ದಿನ

ಸೆಪ್ಟೆಂಬರ್ ಮಧ್ಯದಲ್ಲಿ ಒಬ್ಬ ಎದುರಾಳಿ ಸಿಕ್ಕ. ಅವನೂ ಕಟ್ಟಿದ ಪಾತ್ರ ತಂದಿದ್ದ. ಮೈತುಂಬ ಹಲಗೆಯಂಥ ದೊಡ್ಡ ತುಣುಕುಗಳು, ಕೈ ಎಲ್ಲಿ, ಆಯುಧ ಎಲ್ಲಿ ಅಂತ ತಿಳಿಯುವುದಿಲ್ಲ. ತಮ್ಮ ಮೂರಕ್ಕೆ ಸೊನ್ನೆ ಸೋತು, ಬಿಸಿಯಾಗಿ ನನಗೆ ಫೋನ್ ಮಾಡಿದ. "ಇದು ಮೋಸ ಅಲ್ವಾ ಅಕ್ಕಾ? ಏಟು ಬರೋದೇ ಕಾಣಲ್ಲ."

ಆ ಎದುರಾಳಿ ಮಾಡಿದ್ದು ನನಗೂ ಇಷ್ಟವಾಗಲಿಲ್ಲ. ಆದರೆ ಉತ್ತರ ಕೊಡಲಿಲ್ಲ. ರೀಪ್ಲೇ ಹಾಕು, ಈ ಸಲ ಅವನನ್ನು ಬಿಟ್ಟು ನಿನ್ನ ಪಾತ್ರ ನೋಡು ಅಂದೆ.

ಬೆಳ್ಳನೆ ಚಾಮರ ತಲೆಯಿಂದ ಎದ್ದು ಹಿಂದಕ್ಕೆ ಬಾಗಿತ್ತು. ಬಲಭುಜದ ನಾಗಾಭರಣ ತೋಳಿನಷ್ಟೇ ದಪ್ಪವಿತ್ತು. ಪಕ್ಕದಿಂದ ನೋಡುವ ಕ್ಯಾಮೆರಾದಲ್ಲಿ, ಅವನು ಕತ್ತಿ ಹಿಂದಕ್ಕೆ ಎಳೆದಾಗ ಕತ್ತಿಯ ಅರ್ಧ ಅದರ ಹಿಂದೆ ಮರೆಯಾಗುತ್ತಿತ್ತು. ಮಿತ್ಸುರುಗಿಗೆ ಮಿಸ್ಟ್, ರೆಲಿಕ್ ಅಂತ ಎರಡು ವಿಶೇಷ ನಿಲುವುಗಳಿವೆ. ತಾನು ಯಾವುದರಲ್ಲಿ ನಿಂತಿದ್ದೇನೆ ಅಂತ ಅವನಿಗೇ ಒಂದೊಂದು ಸಲ ಕಾಣುತ್ತಿರಲಿಲ್ಲ. ಇಬ್ಬರೂ ಅಂಟಿಕೊಂಡು ಹೊಡೆದಾಡುವಾಗ ಎದುರಾಳಿಯ ಕಾಲೂ ಅದರ ಹಿಂದೆ. ಕಾಲಿಗೆ ಬರುವ ಏಟು ಕಾಣುವುದಾದರೂ ಹೇಗೆ?

ಅವನು ರೀಪ್ಲೇ ನಿಲ್ಲಿಸಿ, ಮತ್ತೆ ಹಾಕಿ, ಮತ್ತೆ ನಿಲ್ಲಿಸಿ ನೋಡಿದ. ಆ ಕಡೆಯಿಂದ ಮಾವನ ದನಿ ಕೇಳಿತು: "ನಾವು ಕುಣಿಯುವಾಗ ಚಾಮರ ಬಿಗಿಯಾಗಿ ಕಟ್ತೀವಿ. ಕಣ್ಣಿಗೆ ಅಡ್ಡ ಬಂದ್ರೆ ಕತ್ತಿ ಹಿಡಿದೋನು ಪಕ್ಕದೋನ ಮೇಲೆ ಬೀಳ್ತಾನೆ." ಅವರು ಆಟದ ಬಗ್ಗೆ ಹೇಳಿದ ಮಾತಲ್ಲ, ತಮ್ಮ ಕೆಲಸದ ಬಗ್ಗೆ ಹೇಳಿದ್ದು.

ಮರುದಿನ ತಮ್ಮ ವೇಷವನ್ನು ಹೊಸದಾಗಿ ಕಟ್ಟಿದ. ಚಾಮರ ಗಿಡ್ಡವಾಗಿ ತಲೆಗೆ ಅಂಟಿಕೊಂಡಿತು. ನಾಗಾಭರಣ ಎಡಭುಜಕ್ಕೆ ಹೋಗಿ ತೆಳ್ಳಗಾಯಿತು. ಕತ್ತಿಗೆ ಬೇರೆ ಬಣ್ಣ ಕೊಟ್ಟ, ಕಾವಿಯ ಮೇಲೆ ಎದ್ದು ಕಾಣುವಂತೆ. ಕಾವಿ, ವಿಭೂತಿ, ರುದ್ರಾಕ್ಷಿ ಹಾಗೇ ಉಳಿದವು. ಆಗಸ್ಟ್‌ನಲ್ಲಿ ನಾನು "ವೇಷ ಬಿಡು" ಅಂದಿದ್ದೆ. ಈಗ ಅವನೇ ವೇಷ ತಿದ್ದಿದ. ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ಆ ದಿನ ನನಗೆ ಚೆನ್ನಾಗಿ ತಿಳಿಯಿತು.

ಏನಾಯಿತು

ಅಕ್ಟೋಬರ್‌ನಲ್ಲಿ 40 ರ್ಯಾಂಕ್ ಮ್ಯಾಚ್ ಆಡಿ 17 ಗೆದ್ದ. ಅರ್ಧಕ್ಕೂ ಕಡಿಮೆಯೇ. ರ್ಯಾಂಕ್ ಸ್ವಲ್ಪ ಏರಿತು, ಬಹಳವೇನಲ್ಲ. ಹೊಸ ಕನೆಕ್ಷನ್ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಕಂಟ್ರೋಲರ್ ಮುರಿಯಲಿಲ್ಲ. ಅಮ್ಮ ಒಮ್ಮೆ ಫೋನ್ ಮಾಡಿ ಗಿರಣಿಯಲ್ಲಿ ಬೀಸಿದ ರಾಗಿ ಹಿಟ್ಟು ಕಳಿಸಲಾ ಅಂತ ಕೇಳಿದರು.

ಸೋಲುಗಳ ಬಗೆ ಬದಲಾಗಿತ್ತು. ಅಕ್ಟೋಬರ್‌ನ ನೋಟ್‌ಬುಕ್ಕಿನಲ್ಲಿ ಗಾರ್ಡ್ ಆದ ಮೇಲೂ ಗುಂಡಿ ಒತ್ತಿ ಕೆಟ್ಟ ರೌಂಡ್‌ಗಳು ತೀರಾ ಕಡಿಮೆ. ಈಗ ಹೆಚ್ಚಾಗಿ ಸೋಲುತ್ತಿದ್ದದ್ದು ಅಂಕಣದ ಅಂಚಿನಲ್ಲಿ. ಎದುರಾಳಿ ಒತ್ತಿಕೊಂಡು ಬಂದಾಗ ಹಿಂದೆ ಹಿಂದೆ ಹೋಗುತ್ತಾನೆ, ಪಕ್ಕಕ್ಕೆ ಸುತ್ತಿ ಬರುವುದಿಲ್ಲ. ಇದು ಮುಂದಿನ ಪಾಠ. ಒಂದನ್ನು ತಿದ್ದಿದರೆ ಅದರ ಕೆಳಗಿದ್ದ ಇನ್ನೊಂದು ಕಾಣುತ್ತದೆ, ಆಟ ಕಲಿಯುವುದು ಹೀಗೇ.

ಇನ್ನೊಬ್ಬರಿಗೆ ಹೇಳಿಕೊಡುವಾಗ ನಾನು ಈಗ ಮಾಡುವುದು ಬೇರೆ. ಯಾವ ಪಾತ್ರ ಅಂತ ಕೇಳುವ ಮೊದಲು ಯಾಕೆ ಆ ಪಾತ್ರ ಅಂತ ಕೇಳುತ್ತೇನೆ. ಆಯುಧದ ಸದ್ದಿಗೋ, ನಡಿಗೆಗೋ, ಮನೆಯ ಯಾರದೋ ನೆನಪಿಗೋ, ಪ್ರತಿಯೊಬ್ಬರ ಹತ್ತಿರವೂ ಉತ್ತರ ಇರುತ್ತದೆ. ಕಲಿಸಲು ಹಿಡಿತ ಸಿಗುವುದು ಅಲ್ಲಿಂದಲೇ. ತಂತಿಯ ಕೆಲಸ ಮೊದಲು ಮುಗಿಸುತ್ತೇನೆ. ಅದರಿಂದ ಗೆಲುವು ಬರುವುದಿಲ್ಲ, ಆದರೆ ಲ್ಯಾಗ್ ಎಷ್ಟು, ತಪ್ಪು ಎಷ್ಟು ಅಂತ ಬೇರೆ ಮಾಡಲು ಬೇರೆ ದಾರಿಯಿಲ್ಲ. ಫ್ರೇಮ್ ಪಟ್ಟಿ ಯಾರಾದರೂ ಕೇಳಿದರೆ ಮಾತ್ರ ಕೊಡುತ್ತೇನೆ. ಗಾರ್ಡ್ ಕಲಿಸುವ ವಾರದಲ್ಲಿ ಸೋಲು ಹೆಚ್ಚುತ್ತದೆ ಅಂತ ಮೊದಲೇ ಹೇಳುತ್ತೇನೆ, ಆಡುವವರಿಗೂ ಮನೆಯವರಿಗೂ. ಲೆಕ್ಕವನ್ನು ಅವರ ಕೈಯಲ್ಲೇ ಬರೆಸುತ್ತೇನೆ. ತಮ್ಮನಿಗೆ 23 ಅನ್ನುವ ಅಂಕಿಯನ್ನು ನಾನೇ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ, ನನಗೆ ಖಾತ್ರಿ ಇದೆ.

ಒಂದು ಪ್ರಶ್ನೆಗೆ ಇನ್ನೂ ನನ್ನಲ್ಲಿ ಪಕ್ಕಾ ಉತ್ತರವಿಲ್ಲ. ಸೋತ ದಿನಗಳಲ್ಲಿ ಅವನನ್ನು ಹಿಡಿದಿಟ್ಟದ್ದು ಆ ವೇಷ. ನಿಧಾನದ ಏಟುಗಳಿಗೆ ಎಳೆದದ್ದೂ ಅದೇ ವೇಷ. ಇನ್ನೊಬ್ಬ ಹುಡುಗಿಯೋ ಹುಡುಗನೋ ತನ್ನ ಊರಿನ ದೇವರನ್ನೋ ವೀರನನ್ನೋ ಕಟ್ಟಿಕೊಂಡು ಬಂದರೆ ನಾನು ಮೊದಲ ದಿನವೇ ಚಾಮರದ ಮಾತು ಎತ್ತಲೇ, ಅವರೇ ಕಾಣುವವರೆಗೆ ಕಾಯಲೇ? ಕಾದರೆ ತಿಂಗಳುಗಟ್ಟಲೆ ಸೋಲುತ್ತಾರೆ. ಎತ್ತಿದರೆ ಆಟವನ್ನೇ ಬಿಡಬಹುದು. ಸದ್ಯಕ್ಕೆ ಕಾಯುತ್ತಿದ್ದೇನೆ.

ಕಾರ್ತಿಕದಲ್ಲಿ ಮಾವನಿಗೆ ಪಕ್ಕದ ಊರಿನಿಂದ ಸಣ್ಣ ಮೆರವಣಿಗೆಗೆ ಕರೆ ಬಂತು. ಪೆಟ್ಟಿಗೆ ಮತ್ತೆ ಕೆಳಗಿಳಿಯಿತು. ಆ ವಾರ ತಮ್ಮ ನನಗೆ ಒಂದು ರೀಪ್ಲೇ ಕಳಿಸಿದ. ಮೂರಕ್ಕೆ ಎರಡರಿಂದ ಸೋತ ಮ್ಯಾಚ್. ಕೊನೇ ರೌಂಡ್‌ನಲ್ಲಿ ರಿವರ್ಸಲ್ ಎಡ್ಜ್ ತಾಗಿ ಆಟ ನಿಧಾನವಾಯಿತು, ಎದುರಾಳಿ ಒದೆಯಲು ಕಾಲೆತ್ತಿದ, ತಮ್ಮ ಅಡ್ಡ ಬೀಸಿದ. ಅದರ ಕೆಳಗೆ ಬರೆದಿದ್ದ: "ನೋಡಿದ್ರಾ ಅಕ್ಕಾ? ಬಿ ಒತ್ತಲಿಲ್ಲ. ಆಮೇಲೆ ಅಂಚಿಂದ ಬಿದ್ದೆ, ಅದು ನಾಳೆ ನೋಡೋಣ. ಈಗ ಮಾವನ ಚಾಮರ ಕಟ್ಟೋಕೆ ಹೋಗ್ಬೇಕು."